ಮನೆಯಂಗಳದಲ್ಲಿ ಕಾರಿನ ಎಣ್ಣೆ ಬದಲಾವಣೆ: ಒಂದು ಹಿತ್ತಾಳೆಯ ಕವಾಟದ ವಿಚಾರ

ಕಾರಿನ ಎಂಜಿನ್ನಿಗೆ ಹೊಸ ಕೀಲೆಣ್ಣೆ ಹಾಕುವ ಕಾರ್ಯವು ಸ್ವಭಾವತಃ ಕ್ಲಿಷ್ಟವಾದದ್ದಲ್ಲ. ಹಳೆಯದನ್ನು ಕೆಳಗಿನಿಂದ ಬಿಟ್ಟು, ಆಯಿಲ್ ಫಿಲ್ಟರನ್ನು ಬದಲಿಸಿ, ಹೊಸದನ್ನು ಮೇಲಿನಿಂದ ಹೊಯ್ಯುವುದಷ್ಟೇ ಅದರ ಸಾರ. ಆದರೂ ಬೆಂಗಳೂರಿನ ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಸ್ವಂತ ಅಂಗಳವುಳ್ಳ, ಚಕ್ರದ ಗಾಳಿಯನ್ನೂ ಬ್ಯಾಟರಿಯ ನೀರನ್ನೂ ತಾವೇ ನೋಡಿಕೊಳ್ಳುವ, ಸ್ಪ್ಯಾನರು ಹಿಡಿಯಲು ಎಳ್ಳಷ್ಟೂ ಹಿಂಜರಿಯದ ಗೃಹಸ್ಥರು ಕೂಡ ಈ ಒಂದು ಕೆಲಸಕ್ಕೆ ಮಾತ್ರ ಗ್ಯಾರೇಜನ್ನು ಆಶ್ರಯಿಸುವುದೇಕೆಂದು ವಿಚಾರಿಸುತ್ತ ಹೋದರೆ, ಕಾರಣವು ಎಂಜಿನ್ನಿನ ತಳದಲ್ಲಿರುವ ಒಂದೇ ಒಂದು ಬೋಲ್ಟಿಗೆ ಬಂದು ನಿಲ್ಲುತ್ತದೆ.

ನಮ್ಮ ಮೆಕ್ಯಾನಿಕ್ಕುಗಳು ಚೇಂಬರು ಎಂದು ಕರೆಯುವ ಎಣ್ಣೆಯ ಪಾತ್ರೆಗೆ ಆ ಬೋಲ್ಟೇ ಬಿರಡೆ. ಅದನ್ನು ಬಿಚ್ಚಬೇಕಾದರೆ ಕಾರನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಅಂಗಾತ ಮಲಗಿ ಒಳಕ್ಕೆ ಸರಿದು, ಮುಖಕ್ಕೆ ನೇರವಾಗಿಯೇ ಸ್ಪ್ಯಾನರನ್ನು ತಿರುಗಿಸಬೇಕು. ಕೊನೆಯ ಸುತ್ತು ಸಡಿಲುವ ಕ್ಷಣದಲ್ಲಿ ಬಿಸಿಯೆಣ್ಣೆಯು ಬೆರಳುಗಳ ಸಂದಿನಿಂದ ನುಗ್ಗಿ ಮೊಣಕೈಯವರೆಗೆ ಹರಿಯುವುದೂ, ಬೋಲ್ಟು ಕೈತಪ್ಪಿ ಕೆಳಗಿನ ತಟ್ಟೆಯೊಳಗೆ ಮುಳುಗುವುದೂ, ಧಾರೆಯು ಗಾಳಿಗೆ ಓಲಾಡಿ ತಟ್ಟೆಯ ಅಂಚನ್ನು ದಾಟಿ ನೆಲದ ಪಾಲಾಗುವುದೂ ಸರ್ವಸಾಧಾರಣ. ಇದಕ್ಕಿಂತಲೂ ಗಂಭೀರವಾದದ್ದು ತಿರುಪಿನ ಸವಕಳಿ. ಇತ್ತೀಚಿನ ಅನೇಕ ಕಾರುಗಳಲ್ಲಿ ಚೇಂಬರು ಅಲ್ಯೂಮಿನಿಯಮ್ಮಿನದು, ಬೋಲ್ಟು ಉಕ್ಕಿನದು. ಮೃದುಲೋಹದ ರಂಧ್ರದಲ್ಲಿ ಕಠಿನಲೋಹವನ್ನು ವರ್ಷವರ್ಷವೂ ಬಿಚ್ಚುತ್ತ, ಅವಸರದ ಕೈಗಳು ಅದನ್ನು ಅಳತೆ ಮೀರಿ ಬಿಗಿಯುತ್ತ ಬಂದಲ್ಲಿ, ಒಂದು ದಿನ ಥ್ರೆಡ್ಡು ಹೋಗಿ ಎಣ್ಣೆ ಜಿನುಗಲಾರಂಭಿಸುತ್ತದೆ. ಆಮೇಲೆ ರಂಧ್ರವನ್ನು ಕೊರೆದು ಒಳತಿರುಪು ಕೂರಿಸುವುದೋ, ಚೇಂಬರನ್ನೇ ಬದಲಿಸುವುದೋ ಅನಿವಾರ್ಯವಾಗುತ್ತದೆ.

ಈ ಎರಡು ತೊಡಕುಗಳಿಗೂ ಪರಿಹಾರವಾಗಿರತಕ್ಕದ್ದು, ಆ ಬೋಲ್ಟಿನ ಸ್ಥಾನದಲ್ಲಿ ಶಾಶ್ವತವಾಗಿ ಕೂರಿಸುವ ಒಂದು ಪುಟ್ಟ ಕವಾಟ. ಸ್ನಾನದ ಹಂಡೆಗೆ ನಲ್ಲಿಯಿರುವಂತೆ ಎಂಜಿನ್ನಿಗೂ ನಲ್ಲಿಯೊಂದನ್ನು ಇಡುವುದೆಂಬ ಈ ಕಲ್ಪನೆ ಹೊಸದೇನೂ ಅಲ್ಲ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಇಂತಹ ಕವಾಟಗಳು ಬಹುಕಾಲದಿಂದ ಬಳಕೆಯಲ್ಲಿವೆ. ಕಾರುಗಳಿಗಾಗಿ ಇದನ್ನು ತಯಾರಿಸುವವರಲ್ಲಿ ಹೆಚ್ಚು ಪ್ರಸಿದ್ಧವಾದುದು ಜಪಾನಿನ ಫುಮೊಟೊ ಸಂಸ್ಥೆ. ಅದರ ಕವಾಟಕ್ಕೆ ಹಿತ್ತಾಳೆಯ ಒಡಲು. ಒಡಲೊಳಗೆ ನಡುವೆ ರಂಧ್ರವುಳ್ಳ ಒಂದು ಗೋಲಿ. ಗೋಲಿಗೆ ಹೊಂದಿಕೊಂಡು ಹೊರಗಡೆ ಒಂದು ಕಿರುಹಿಡಿಕೆ. ಮುಚ್ಚಿದ ಸ್ಥಿತಿಯಲ್ಲಿ ಸ್ಪ್ರಿಂಗಿನ ಒತ್ತಡದಿಂದ ಹಿಡಿಕೆಯು ಒಂದು ಕಚ್ಚಿನೊಳಗೆ ಕುಳಿತಿರುತ್ತದೆ. ಅದನ್ನು ಕಚ್ಚಿನಿಂದ ಎತ್ತಿ ಕಾಲು ಸುತ್ತು ತಿರುಗಿಸಿದರೆ ಗೋಲಿಯ ರಂಧ್ರವು ದಾರಿಗೆ ನೇರವಾಗಿ ಎಣ್ಣೆ ಹರಿಯುತ್ತದೆ. ಮರಳಿ ತಿರುಗಿಸಿ ಬಿಟ್ಟರೆ ಹಿಡಿಕೆ ತನ್ನ ಕಚ್ಚಿಗೆ ತಾನೇ ಸೇರುತ್ತದೆ. ಎತ್ತದೆ ತಿರುಗದಂತಹ ರಚನೆಯಾದುದರಿಂದ, ರಸ್ತೆಯ ಅದುರಾಟಕ್ಕೆ ಅದು ತಾನಾಗಿ ತೆರೆದುಕೊಳ್ಳುವ ಭಯಕ್ಕೆ ಹೆಚ್ಚು ಆಸ್ಪದವಿಲ್ಲ. ಅಷ್ಟಕ್ಕೂ ಸಮಾಧಾನವಾಗದವರಿಗೆ ಹಿಡಿಕೆಯ ಮೇಲೆ ಕೂರಿಸುವ ಪ್ರತ್ಯೇಕ ಕ್ಲಿಪ್ಪೂ ದೊರೆಯುತ್ತದೆ. ಜರ್ಮನಿಯ ಸ್ಟಾಲ್‌ಬಸ್ ಸಂಸ್ಥೆಯದು ಬೇರೊಂದು ಬಗೆ: ಅದಕ್ಕೆ ಹಿಡಿಕೆಯೇ ಇಲ್ಲ; ಮೇಲಿನ ಲೋಹದ ಮುಚ್ಚಳವನ್ನು ಬಿಚ್ಚಿ, ಕೊಳವೆಯ ಜೋಡಣೆಯನ್ನು ಅದಕ್ಕೆ ಸೇರಿಸಿದಾಗ ಮಾತ್ರ ಒಳಗಿನ ಕವಾಟ ತೆರೆಯುತ್ತದೆ.

ಕವಾಟವನ್ನು ಕೊಳ್ಳುವ ಮುನ್ನ ತಿಳಿಯಬೇಕಾದ ಮೊದಲನೆಯ ಸಂಗತಿ ತಿರುಪಿನ ಅಳತೆ. ಹೋಂಡಾ, ಹ್ಯುಂಡೈ ಮತ್ತು ಮಾರುತಿ ಸುಜುಕಿಯ ಬಹುತೇಕ ಪೆಟ್ರೋಲು ಕಾರುಗಳಲ್ಲಿ ಈ ಬೋಲ್ಟಿನ ವ್ಯಾಸ 14 ಮಿಲಿಮೀಟರು, ಎಳೆಗಳ ಅಂತರ 1.5 ಮಿಲಿಮೀಟರು, ಟೊಯೋಟಾದ ಅನೇಕ ಎಂಜಿನ್ನುಗಳಲ್ಲಿ ವ್ಯಾಸ 12, ಅಂತರ 1.25. ಆದರೆ ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್ನು ಬಂದಿರುವುದುಂಟಾದಕಾರಣ, ಇಂತಹ ಸಾಮಾನ್ಯ ಜ್ಞಾನವನ್ನು ನೆಚ್ಚಿ ಹಣ ಕೊಡಲಾಗದು. ಮುಂದಿನ ಸರ್ವೀಸಿನಲ್ಲಿ ಬೋಲ್ಟನ್ನು ಬಿಚ್ಚಿದಾಗ ಅದರ ಅಳತೆಯನ್ನು ತೆಗೆಸಿಟ್ಟುಕೊಳ್ಳುವುದು, ಇಲ್ಲವೇ ಅದೇ ಎಂಜಿನ್ನಿಗೆ ಸಲ್ಲುವ ಹೊಸ ಬೋಲ್ಟೊಂದನ್ನು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕೊಂಡು ಅದರೊಡನೆ ಹೋಲಿಸುವುದು ನಿಶ್ಚಿತವಾದ ಮಾರ್ಗ. ಆ ಹೊಸ ಬೋಲ್ಟೂ ವಾಶರೂ ವ್ಯರ್ಥವಾಗುವುದಿಲ್ಲ. ಕವಾಟ ಒಗ್ಗದೆ ಹೋದರೆ ಮೂಲಸ್ಥಿತಿಗೆ ಮರಳಲು ಅವು ಡಿಕ್ಕಿಯಲ್ಲಿ ಇರಲೇಬೇಕು. ಹೆಸರಿಲ್ಲದ ಅಗ್ಗದ ಅನುಕರಣಗಳು ಪೇಟೆಯಲ್ಲಿ ಹೇರಳವಾಗಿವೆ. ಎಂಜಿನ್ನಿನ ಸಮಸ್ತ ಎಣ್ಣೆಯನ್ನೂ ಹಿಡಿದು ನಿಲ್ಲಿಸತಕ್ಕ ವಸ್ತುವಿನಲ್ಲಿ ಹಣವನ್ನು ಉಳಿಸಲು ಹೊರಡುವುದು ಸರ್ವಥಾ ತರವಲ್ಲ.

ಎರಡನೆಯ ಸಂಗತಿಯು ನಮ್ಮ ಊರಿಗೆ ವಿಶೇಷವಾಗಿ ಸಂಬಂಧಿಸಿದ್ದು, ಮತ್ತು ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು. ಕವಾಟವು ಮೂಲ ಬೋಲ್ಟಿನ ತಲೆಗಿಂತ ಒಂದೆರಡು ಸೆಂಟಿಮೀಟರಿನಷ್ಟು ಹೆಚ್ಚಾಗಿ ಹೊರಕ್ಕೆ ಚಾಚುತ್ತದೆ. ಕೊಳವೆ ಸಿಕ್ಕಿಸುವ ಮೂತಿಯಿರುವ ಬಗೆಯಾದರೆ ಇನ್ನೂ ಹೆಚ್ಚು. ಸಮತಟ್ಟಾದ ಹೆದ್ದಾರಿಗಳ ದೇಶದಲ್ಲಿ ಇದು ಲೆಕ್ಕಕ್ಕೆ ಬರುವಂಥದ್ದಲ್ಲದಿರಬಹುದು. ಪ್ರತಿಯೊಂದು ಅಡ್ಡರಸ್ತೆಗೂ ಹಂಪು ಹಾಕಿರುವ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇದನ್ನು ಅಲಕ್ಷಿಸಲಾಗದು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಅಂದರೆ ಅದು ಚಕ್ರವು ನಿಧಾನವಾಗಿ ಏರಿ ಇಳಿಯುವಂತಹ ಸಾವಕಾಶವಾದ ದಿಬ್ಬವಾಗಿರಬೇಕು. ಜೆ.ಪಿ. ನಗರದ ಒಳರಸ್ತೆಗಳಲ್ಲಿಯೂ ಬಿ.ಟಿ.ಎಂ. ಬಡಾವಣೆಯ ಇಕ್ಕಟ್ಟಿನ ಬೀದಿಗಳಲ್ಲಿಯೂ ಸಂಚರಿಸಿ ಬಲ್ಲವರಿಗೆ, ಅಲ್ಲಿ ಕಾಣುವ ಹಂಪುಗಳಲ್ಲಿ ಈ ಅಳತೆಗೆ ಸಲ್ಲುವಂಥವು ಎಷ್ಟು ವಿರಳವೆಂಬುದನ್ನು ಹೇಳಬೇಕಾದದ್ದಿಲ್ಲ. ಕಿರಿದಾಗಿ, ಕಡಿದಾಗಿ, ಡಾಂಬರಿನ ಒಡ್ಡಿನಂತೆ ಎದ್ದುನಿಂತ ಹಂಪುಗಳೇ ಅಧಿಕ. ಮಾರುತಿ ಸ್ವಿಫ್ಟ್ ಕಾರಿಗೂ ನೆಲಕ್ಕೂ ನಡುವೆ ತಯಾರಕರು ಹೇಳುವ ಅಂತರ 163 ಮಿಲಿಮೀಟರು. ಕುಟುಂಬದ ಐವರು ಕುಳಿತು, ಡಿಕ್ಕಿಯಲ್ಲಿ ಸಾಮಾನೂ ತುಂಬಿದಾಗ ಆ ಅಂತರವು ಗಣನೀಯವಾಗಿ ಕುಗ್ಗುತ್ತದೆ. ಕಡಿದಾದ ಹಂಪಿನ ಆಚೆ ಮುಂಚಕ್ರವು ಇಳಿದೊಡನೆ ಎಂಜಿನ್ನಿನ ತಳವು ಹಂಪಿನ ನೆತ್ತಿಗೆ ತೀರ ಸಮೀಪವಾಗುತ್ತದೆ. ಆ ಕ್ಷಣದಲ್ಲಿ ಅಲ್ಲಿ ಇಳಿಬಿದ್ದಿರುವ ಹಿತ್ತಾಳೆಯ ಮೂತಿಗೆ ಪೆಟ್ಟು ತಗುಲಿ ಅದು ಮುರಿದರೆ, ಎಣ್ಣೆಯೆಲ್ಲವೂ ರಸ್ತೆಗೆ ಸುರಿದುಹೋಗಿ, ಎಣ್ಣೆಯ ಎಚ್ಚರಿಕೆಯ ಕೆಂಪು ದೀಪವನ್ನು ಕಂಡೊಡನೆ ಎಂಜಿನ್ನನ್ನು ನಿಲ್ಲಿಸದಿದ್ದರೆ ಅದರ ಬೇರಿಂಗುಗಳು ಅಲ್ಲಿಗೇ ನಾಶವಾಗುತ್ತವೆ.

ಆದುದರಿಂದ ಕವಾಟವನ್ನು ತರಿಸುವ ಮೊದಲು ಮಾಡತಕ್ಕದ್ದೇನೆಂದರೆ: ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ನೆಲಕ್ಕೆ ಕೆನ್ನೆಯಿಟ್ಟು ಒಂದು ಟಾರ್ಚಿನ ಬೆಳಕಿನಲ್ಲಿ ಕೆಳಭಾಗವನ್ನು ನೋಡಬೇಕು. ಬೋಲ್ಟು ಚೇಂಬರಿನ ತಳದಿಂದ ನೇರ ಕೆಳಮುಖವಾಗಿದೆಯೋ, ಅಥವಾ ಪಕ್ಕಕ್ಕೋ ಹಿಂದಕ್ಕೋ ಓರೆಯಾಗಿದೆಯೋ ಎಂಬುದನ್ನು ತಿಳಿಯಬೇಕು. ಅದಕ್ಕಿಂತ ಕೆಳಗೆ ಇಳಿದಿರುವ ಬೇರೊಂದು ಅಂಗ, ಅಂದರೆ ಎಂಜಿನ್ನನ್ನು ಹೊತ್ತಿರುವ ಅಡ್ಡತೊಲೆಯಾಗಲಿ ಹೊಗೆಕೊಳವೆಯಾಗಲಿ, ಅದರ ಮುಂದೆ ಇದೆಯೋ ಇಲ್ಲವೋ ಎಂಬುದನ್ನು ಗಮನಿಸಬೇಕು. ಬೋಲ್ಟು ಓರೆಯಾಗಿದ್ದು, ಮುಂದಿನ ತೊಲೆ ಅದಕ್ಕಿಂತ ಕೆಳಗಿದ್ದಲ್ಲಿ ಕವಾಟಕ್ಕೆ ಸ್ವಾಭಾವಿಕವಾದ ರಕ್ಷಣೆಯುಂಟು, ನಿಶ್ಚಿಂತೆಯಿಂದ ಕೂರಿಸಬಹುದು. ನೇರ ಕೆಳಮುಖವಾಗಿ, ಎಲ್ಲಕ್ಕಿಂತ ಕೆಳಗಿದ್ದಲ್ಲಿ, ಮೂತಿಯಿಲ್ಲದ ಗಿಡ್ಡ ಬಗೆಯನ್ನೋ ಮುಚ್ಚಳದ ಬಗೆಯನ್ನೋ ಮಾತ್ರ ಆಲೋಚಿಸಬೇಕು. ಕಾರು ತಗ್ಗಿನ ಸೆಡಾನ್ ಆಗಿದ್ದು, ಮನೆಯ ದಾರಿಯಲ್ಲಿಯೇ ತಳ ತಾಗುವ ಹಂಪು ಇದ್ದರೆ, ಈ ಸೌಕರ್ಯದ ಆಸೆಯನ್ನು ಬಿಟ್ಟುಬಿಡುವುದೇ ವಿವೇಕ. ಎಂಜಿನ್ನಿನ ಕೆಳಗೆ ಪ್ಲಾಸ್ಟಿಕ್ಕಿನ ಹೊದಿಕೆಯಿರುವ ಕಾರುಗಳಲ್ಲಿ, ಹೊದಿಕೆಗೂ ಕವಾಟಕ್ಕೂ ನಡುವೆ ಹಿಡಿಕೆಯಾಡಲು ಎಡೆಯಿದೆಯೇ ಎಂಬುದನ್ನೂ ನೋಡಬೇಕು. ಕಾರು ಇನ್ನೂ ವಾರಂಟಿಯಲ್ಲಿದ್ದರೆ, ವಾರಂಟಿಯ ಪುಸ್ತಕದಲ್ಲಿ ಹೊರಗಿನ ಬಿಡಿಭಾಗಗಳ ವಿಷಯವಾಗಿ ಹೇಳಿರುವುದನ್ನು ಓದದೆ ಮುಂದುವರಿಯಬಾರದು. ಅವಧಿ ಮುಗಿಯುವವರೆಗೆ ತಾಳುವುದು ಉತ್ತಮ.

ಕೂರಿಸುವ ಕೆಲಸವು ಒಂದೇ ಬಾರಿಯದು, ಆ ಒಂದು ಬಾರಿ ಕಾರಿನ ಕೆಳಗೆ ಮಲಗಲೇಬೇಕು. ಜಾಕೊಂದನ್ನೇ ನಂಬಿ ಕಾರಿನ ಅಡಿಗೆ ಹೋಗುವುದು ಪ್ರಾಣಾಪಾಯ. ಗಟ್ಟಿನೆಲದ ಮೇಲೆ ಸ್ಟ್ಯಾಂಡುಗಳನ್ನಿಟ್ಟು, ಹ್ಯಾಂಡ್‌ಬ್ರೇಕು ಎಳೆದು, ಹಿಂಚಕ್ರಗಳಿಗೆ ಅಡ್ಡಗಲ್ಲು ಕೊಟ್ಟ ಮೇಲೆಯೇ ಇಳಿಯತಕ್ಕದ್ದು. ಇವು ಯಾವುವೂ ಇಲ್ಲದವರು ಪರಿಚಿತ ಗ್ಯಾರೇಜಿನಲ್ಲಿ, ಕ್ರಮವಾದ ಎಣ್ಣೆ ಬದಲಾವಣೆಯ ದಿನವೇ, ತಮ್ಮ ಕಣ್ಣೆದುರಿಗೆ ಕೂರಿಸಿಕೊಳ್ಳುವುದು ಲೇಸು. ಹಳೆಯ ವಾಶರು ಚೇಂಬರಿಗೆ ಅಂಟಿಕೊಂಡು ಉಳಿದಿದ್ದರೆ ಅದನ್ನು ಬಿಡಿಸಿ, ಮೇಲ್ಮೈಯನ್ನು ಬನಿಯನ್ ವೇಸ್ಟಿನಿಂದ ಶುದ್ಧವಾಗಿ ಒರೆಸಿ, ಕವಾಟದೊಡನೆ ಬಂದಿರುವ ವಾಶರನ್ನೇ ಉಪಯೋಗಿಸಬೇಕು. ಮೊದಲ ಸುತ್ತುಗಳು ಬರಿಗೈಯಿಂದಲೇ ಸಾಗಬೇಕು. ಎಲ್ಲಿಯಾದರೂ ತಡೆದರೆ ಬಲಪ್ರಯೋಗ ಮಾಡದೆ ಹಿಂದಕ್ಕೆ ತಿರುಗಿಸಿ ಮತ್ತೆ ಹಿಡಿಯಬೇಕು. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯ ಆಡುಗೋಡಿ ಕಾರ್ಖಾನೆಯು ತಲೆಮಾರುಗಳ ಕಾಲ ಕೆಲಸ ಕಲಿಸಿ ಬೆಳೆಸಿದ ಕುಶಲಕರ್ಮಿಗಳ ನೆರೆಯಲ್ಲಿ ವಾಸಿಸುವವರು ನಾವು. ತಿರುಪಿನ ಎಳೆ ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಬೆರಳ ತುದಿಯೇ ಹೇಳಬೇಕೆಂಬ ಅವರ ವೃತ್ತಿಧರ್ಮವು ಈ ಕಿರುಗೆಲಸಕ್ಕೂ ಅನ್ವಯಿಸುತ್ತದೆ. ಕೊನೆಯ ಬಿಗಿತವನ್ನು ತಯಾರಕರ ಸೂಚನಾಪತ್ರದಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಕೊಡಬೇಕು. ಹಿತ್ತಾಳೆಯು ಉಕ್ಕಿನಷ್ಟು ಬಲವುಳ್ಳದ್ದಲ್ಲವಾದುದರಿಂದ, ಮೂಲ ಬೋಲ್ಟಿನ ಬಿಗಿತವನ್ನು ಇದಕ್ಕೆ ಪ್ರಯೋಗಿಸುವುದು ಪ್ರಮಾದ. ಹಿಡಿಕೆಯು ಯಾವ ಅಂಗಕ್ಕೂ ತಾಗದೆ ಪೂರ್ತಿಯಾಗಿ ಆಡುವುದೆಂಬುದನ್ನು ಎಣ್ಣೆ ತುಂಬುವುದಕ್ಕೆ ಮುಂಚೆಯೇ ಪರೀಕ್ಷಿಸಬೇಕು. ತುಂಬಿದ ಮೇಲೆ ಎಂಜಿನ್ನನ್ನು ಕೆಲವು ನಿಮಿಷ ನಡೆಸಿ, ಅಡಿಯಲ್ಲಿ ಒಂದು ಹಳೆಯ ವೃತ್ತಪತ್ರಿಕೆಯನ್ನು ಹಾಸಿ ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಕಲೆಯಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಅಲ್ಲಿಂದ ಮುಂದಿನ ಪ್ರತಿಯೊಂದು ಬದಲಾವಣೆಯೂ ಎಷ್ಟು ಹಗುರವಾಗುತ್ತದೆಂಬುದೇ ಈ ಕವಾಟದ ನಿಜವಾದ ಉಪಕಾರ. ಸಮೀಪದ ಅಂಗಡಿಯವರೆಗೆ ಹೋಗಿಬಂದು ಎಣ್ಣೆ ಬೆಚ್ಚಗಾಗಿರುವಾಗ, ಕುದಿಬಿಸಿ ಇಳಿದ ಮೇಲೆ, ಅಗಲವಾದ ತಟ್ಟೆಯನ್ನು ಕೆಳಗೆ ಸರಿಸಿ, ಮೂತಿಯಿರುವ ಬಗೆಯಾದರೆ ಅದಕ್ಕೊಂದು ಎಣ್ಣೆಗೆ ಕರಗದ ಕೊಳವೆಯನ್ನು ಸಿಕ್ಕಿಸಿ ಅದರ ತುದಿಯನ್ನು ನೇರವಾಗಿ ಡಬ್ಬದೊಳಕ್ಕೆ ಬಿಟ್ಟು, ಬಾನೆಟ್ಟನ್ನು ತೆರೆದು ಎಣ್ಣೆಯ ಮುಚ್ಚಳವನ್ನು ಸಡಿಲಿಸಿ, ಕೈಚಾಚಿ ಹಿಡಿಕೆಯನ್ನೆತ್ತಿ ತಿರುಗಿಸಿದರೆ ಸಾಕು. ನೆಲದಿಂದ ಸಾಕಷ್ಟು ಎತ್ತರವುಳ್ಳ ಕಾರುಗಳಲ್ಲಿ ಜಾಕಿನ ಅಗತ್ಯವೇ ಬೀಳದಿರಬಹುದು. ಕವಾಟದ ದಾರಿ ಬೋಲ್ಟಿನ ರಂಧ್ರಕ್ಕಿಂತ ಕಿರಿದಾದುದರಿಂದ ಎಣ್ಣೆ ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಧಾರೆ ಹನಿಯಾಗುವವರೆಗೆ ಕಾಯಬೇಕು. ಒಂದು ನ್ಯೂನತೆಯನ್ನೂ ಇಲ್ಲಿ ಮರೆಮಾಚದೆ ಹೇಳಬೇಕು: ಕವಾಟದ ತಿರುಪುಭಾಗವು ಚೇಂಬರಿನೊಳಕ್ಕೆ ಸ್ವಲ್ಪ ಚಾಚಿಕೊಂಡಿದ್ದರೆ, ಆ ಅಂಚಿನಿಂದ ಕೆಳಗಿರುವ ಕಿಂಚಿತ್ ಎಣ್ಣೆಯೂ ಮಡ್ಡಿಯೂ ಅಲ್ಲಿಯೇ ಉಳಿಯುತ್ತದೆ. ಮೂರು ಲೀಟರುಗಳ ಲೆಕ್ಕದಲ್ಲಿ ಅದು ಅತ್ಯಲ್ಪ. ಆದರೂ ನಾಲ್ಕಾರು ಬದಲಾವಣೆಗಳಿಗೊಮ್ಮೆ ಕವಾಟವನ್ನೇ ಬಿಚ್ಚಿ ಚೇಂಬರನ್ನು ಪೂರ್ಣವಾಗಿ ಬರಿದುಮಾಡಿ, ಹೊಸ ವಾಶರಿನೊಡನೆ ಮತ್ತೆ ಕೂರಿಸುವುದು ಒಳ್ಳೆಯ ಅಭ್ಯಾಸ.

ಫಿಲ್ಟರಿನ ವಿಷಯದಲ್ಲಿ ಕವಾಟವು ಏನನ್ನೂ ಸುಲಭಮಾಡುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಫಿಲ್ಟರು ಮೇಲಿನಿಂದಲೇ ಕೈಗೆ ಎಟುಕುತ್ತದೆ. ಅಂತಹ ಕಾರಿನವರೇ ಈ ಏರ್ಪಾಡಿನ ಪೂರ್ಣಫಲವನ್ನು ಪಡೆಯುವವರು. ಫಿಲ್ಟರು ತಳದಲ್ಲಿದ್ದರೆ ಹೇಗೂ ಕೆಳಗೆ ನುಸುಳಬೇಕು. ಅದಕ್ಕಾಗಿ ಫಿಲ್ಟರನ್ನು ಬದಲಿಸದೆ ಎಣ್ಣೆಯನ್ನು ಮಾತ್ರ ಬದಲಿಸುವ ಪ್ರಲೋಭನೆಗೆ ಒಳಗಾಗಬಾರದು. ಎಣ್ಣೆಯ ದರ್ಜೆಯನ್ನು, ಅದು 0ಡಬ್ಲ್ಯು-16 ಆಗಲಿ 5ಡಬ್ಲ್ಯು-30 ಆಗಲಿ, ಕಾರಿನ ಕೈಪಿಡಿಯೇ ನಿರ್ಣಯಿಸತಕ್ಕದ್ದು, ಅಂಗಡಿಯವನ ಸಲಹೆಯಲ್ಲ. ಅವಧಿಯೂ ಹಾಗೆಯೇ. ಮಾರುತಿ, ಹ್ಯುಂಡೈ ಮೊದಲಾದವರು ಸಾಮಾನ್ಯ ಬಳಕೆಗೆ 10,000 ಕಿಲೋಮೀಟರು ಅಥವಾ ಒಂದು ವರ್ಷವೆಂದು ಹೇಳುತ್ತಾರಾದರೂ, ಅದೇ ಕೈಪಿಡಿಯಲ್ಲಿ ಕಠಿನ ಬಳಕೆಯ ಪ್ರತ್ಯೇಕ ಪಟ್ಟಿಯೊಂದಿದೆ. ಪದೇಪದೇ ಅಲ್ಪದೂರದ ಪ್ರಯಾಣ, ನಿಂತಲ್ಲೇ ನಿಂತು ಉರಿಯುವ ಎಂಜಿನ್ನು, ಧೂಳು ಇವೆಲ್ಲ ಅದರಲ್ಲಿ ಸೇರುತ್ತವೆ. ದಿನವೂ ಸಿಲ್ಕ್ ಬೋರ್ಡ್ ಕೂಡುರಸ್ತೆಯನ್ನು ದಾಟುವವರು ತಮ್ಮ ಕಾರು ಯಾವ ಪಟ್ಟಿಗೆ ಸೇರಿದ್ದೆಂಬುದನ್ನು ಸುಲಭವಾಗಿ ಅರಿಯಬಲ್ಲರು. ಅಂಥವರಿಗೆ ಎಣ್ಣೆಯನ್ನು ಮೊದಲೇ ಬದಲಿಸಬೇಕಾಗುವುದರಿಂದ ಕವಾಟದ ಪ್ರಯೋಜನವೂ ಅಧಿಕ.

ಇನ್ನು ಹೊರಬಂದ ಹಳೆಯ ಎಣ್ಣೆಯ ಮಾತು. ಮನೆಯಲ್ಲಿ ಈ ಕೆಲಸವನ್ನು ಮಾಡಿಕೊಳ್ಳುವವರ ಯೋಗ್ಯತೆಯನ್ನು ನಾನು ಅಳೆಯುವುದು ಇಲ್ಲಿಯೇ. ಜಯನಗರ ಮತ್ತು ಬಿ.ಟಿ.ಎಂ. ಬಡಾವಣೆಯ ಬೀದಿಚರಂಡಿಗೆ ಬಿದ್ದದ್ದು ರಾಜಕಾಲುವೆಗಳ ಮೂಲಕ ಬೆಳ್ಳಂದೂರು ಕೆರೆಗೂ, ಅಲ್ಲಿಂದ ವರ್ತೂರಿಗೂ, ಕಡೆಗೆ ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಬನಶಂಕರಿಯ ಪಡುವಣ ಇಳಿಜಾರಿನದು ವೃಷಭಾವತಿಯನ್ನು ಕೂಡಿ, ಅರ್ಕಾವತಿಯನ್ನು ಹೊಕ್ಕು, ನಾವು ಕುಡಿಯುವ ನೀರಿನ ತಾಯಿಯಾದ ಕಾವೇರಿಯನ್ನು ಮುಟ್ಟುತ್ತದೆ. ಒಂದು ಕಾರಿನಿಂದ ಇಳಿಸಿದ ಎಣ್ಣೆಯು ಸುಮಾರು 38 ಲಕ್ಷ ಲೀಟರು ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಹೇಳುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು 2010ರಿಂದ ನೆರೆಹೊರೆಯ ನಾಗರಿಕರೇ ಒಂದು ಟ್ರಸ್ಟು ಕಟ್ಟಿಕೊಂಡು ಪುನರುಜ್ಜೀವನಗೊಳಿಸಿ ಕಾಪಾಡಿಕೊಂಡು ಬಂದಿರುವಾಗ, ಅದೇ ನೆರೆಹೊರೆಯ ಇನ್ನೊಬ್ಬರು ಮೂರು ಲೀಟರು ಕರಿಯೆಣ್ಣೆಯನ್ನು ಮೋರಿಗೆ ಸುರಿಯುವುದು ಕ್ಷಮಾರ್ಹವಲ್ಲ.

ನಮ್ಮ ದೇಶದ 2016ರ ಅಪಾಯಕರ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯು ಸ್ಪಷ್ಟವಾಗಿ ಸೇರಿದೆ. 2023ರ ತಿದ್ದುಪಡಿಯಿಂದ, 2024ರ ಏಪ್ರಿಲ್ 1ರಿಂದ ಮೊದಲ್ಗೊಂಡು, ಎಣ್ಣೆಯ ಉತ್ಪಾದಕರ ಮೇಲೆಯೇ ಅದರ ಮರುಸಂಸ್ಕರಣದ ಹೊಣೆಯನ್ನು ಹೊರಿಸಲಾಗಿದೆ. ಈ ಹೊಣೆಯು ವ್ಯರ್ಥವಾದದ್ದಲ್ಲ. ಹಳೆಯ ಎಣ್ಣೆ ಕೊಳೆಯಾಗಿರುತ್ತದೆಯೇ ಹೊರತು ಸವೆದುಹೋಗಿರುವುದಿಲ್ಲವಾಗಿ, ಅದನ್ನು ಶೋಧಿಸಿ ಮತ್ತೆ ಕೀಲೆಣ್ಣೆಯಾಗಿಸಬಹುದು. ಆದರೆ ಬೀದಿಬೀದಿ ಸುತ್ತಿ ಕೊಳ್ಳುವವರ ಕೈಗೆ ಕೊಟ್ಟದ್ದು ಸೆಂಟ್ರಿಂಗ್ ಹಲಗೆಗೆ ಬಳಿಯುವುದಕ್ಕೋ, ಒಲೆಗಳಲ್ಲಿ ಉರಿಸುವುದಕ್ಕೋ, ಕಲಬೆರಕೆಗೋ ಹೋಗುವ ಸಂಭವವಿದೆ. ಆದಕಾರಣ ತಟ್ಟೆಯ ಎಣ್ಣೆಯನ್ನು, ಸೀಮೆಎಣ್ಣೆಯನ್ನಾಗಲಿ ಕೂಲೆಂಟನ್ನಾಗಲಿ ನೀರನ್ನಾಗಲಿ ಬೆರೆಸದೆ, ಬಿಗಿಮುಚ್ಚಳದ ಡಬ್ಬದಲ್ಲಿ ತುಂಬಿ, ಹೊರಗೆ ಹೆಸರು ಬರೆದು, ಹಳೆಯ ಎಣ್ಣೆಯನ್ನು ಅಧಿಕೃತ ಮರುಸಂಸ್ಕರಣಕಾರರಿಗೆ ಒಪ್ಪಿಸುವ ಸರ್ವೀಸ್ ಕೇಂದ್ರಕ್ಕೆ, ಮುಂಚಿತವಾಗಿ ಕೇಳಿಕೊಂಡು, ತಲುಪಿಸಬೇಕು. ಹಳೆಯ ಫಿಲ್ಟರನ್ನು ರಾತ್ರಿಯೆಲ್ಲ ಬೋರಲುಹಾಕಿ ಬಸಿದು ಅದರೊಡನೆಯೇ ಕೊಡತಕ್ಕದ್ದು. ಹಸಿಕಸ ಒಣಕಸಗಳ ಗಾಡಿಗೆ ಅದನ್ನು ಹಾಕಬಾರದು. ಹೊಸ ಎಣ್ಣೆಯ ಬರಿದಾದ ಡಬ್ಬವನ್ನು ಕತ್ತರಿಸಿ ಎಸೆಯಬೇಕು. ಇಡಿಯಾಗಿ ಬಿಟ್ಟ ಡಬ್ಬವು ನಕಲಿ ಎಣ್ಣೆಯವರಿಗೆ ಒಳ್ಳೆಯ ಸರಕು. ಕೆಲಸದುದ್ದಕ್ಕೂ ನೈಟ್ರೈಲ್ ಕೈಗವಸು ಧರಿಸಿರಬೇಕು. ಬಳಸಿದ ಎಣ್ಣೆಯ ದೀರ್ಘಸಂಪರ್ಕವು ಚರ್ಮಕ್ಕೆ ಹಾನಿಕರ.

ಬಹುಮಹಡಿಯ ವಸತಿಗಳಲ್ಲಿರುವವರಿಗೆ ಒಂದು ಮಾತು. ನೆಲಮಾಳಿಗೆಯ ವಾಹನನಿಲುಗಡೆಯು ಸರ್ವರ ಸ್ವತ್ತು. ಅಲ್ಲಿ ಚೆಲ್ಲಿದ ಎಣ್ಣೆಯ ಮೇಲೆ ಸ್ಕೂಟರು ಜಾರಬಹುದು, ಅಲ್ಲಿನ ಚರಂಡಿಯು ಸಂಪಿನ ಪಂಪಿಗೆ ಸೇರಿರಬಹುದು. ನಿವಾಸಿಗಳ ಸಂಘದ ಅನುಮತಿಯಿಲ್ಲದೆ ಅಲ್ಲಿ ಕೈಹಾಕಲಾಗದು. ಕವಾಟವು ಒಗ್ಗದ ತಗ್ಗುಕಾರಿನವರು ಡಿಪ್‌ಸ್ಟಿಕ್ಕಿನ ಕೊಳವೆಯ ಮೂಲಕ ಎಣ್ಣೆಯನ್ನು ಮೇಲಕ್ಕೆ ಹೀರುವ ಕೈಪಂಪನ್ನು ವಿಚಾರಿಸಬಹುದು. ಎಲ್ಲ ಎಂಜಿನ್ನುಗಳಲ್ಲಿಯೂ ಆ ಕೊಳವೆಯು ತಳಮುಟ್ಟುವುದಿಲ್ಲವೆಂಬುದು ನೆನಪಿರಲಿ.

ವಾರಂಟಿ ತೀರಿದ, ನೆಲದಿಂದ ಸಾಕಷ್ಟು ಎತ್ತರವುಳ್ಳ, ಬೋಲ್ಟು ಓರೆಯಾಗಿ ರಕ್ಷಿತವಾಗಿರುವ, ಫಿಲ್ಟರು ಕೈಗೆಟುಕುವ ಕಾರು ನಿಮ್ಮದಾಗಿದ್ದು, ಸ್ವಂತ ಅಂಗಳವೂ ಇದ್ದರೆ, ಈ ಕವಾಟವನ್ನು ನಿಸ್ಸಂದೇಹವಾಗಿ ಕೂರಿಸಿಕೊಳ್ಳಿರಿ. ಇವುಗಳಲ್ಲಿ ನೆಲದ ಅಂತರವೊಂದು ಸಾಲದಿದ್ದರೂ, ಉಳಿದದ್ದೆಲ್ಲ ಅನುಕೂಲವಾಗಿದ್ದಾಗ್ಯೂ, ಮೂಲ ಬೋಲ್ಟನ್ನೇ ಉಳಿಸಿಕೊಂಡು ಪ್ರತಿಸಲವೂ ಹೊಸ ವಾಶರು ಹಾಕಿರಿ. ಕವಾಟವನ್ನು ತರಿಸುವ ಮೊದಲೇ, ಹಳೆಯ ಎಣ್ಣೆಯನ್ನು ಸ್ವೀಕರಿಸುವ ಸರ್ವೀಸ್ ಕೇಂದ್ರವೊಂದನ್ನು ನಿಮ್ಮ ಸಮೀಪದಲ್ಲಿ ಗೊತ್ತುಮಾಡಿಕೊಳ್ಳಿರಿ.